ಹದಿಹರೆಯದ ವಿಶ್ವಾಸ: ಮೊದಲ ಹೊಣೆ ಮನೆಯದು

ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಪರಿಸರದ ಕ್ರೈಸ್ತ ತಂದೆತಾಯಂದಿರಿಗೆ ಮತ್ತು ಸಭೆಯ ಹಿರಿಯರಿಗೆ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಿಂದ ನಮ್ಮ ಮಕ್ಕಳು ಇಗರ್ಜಿಯಲ್ಲಿ ಒಂದೊಂದೇ ಸಾಲು ಹಿಂದೆ ಸರಿಯುತ್ತಾರೆ. ಪೇಟೆಯ ದೊಡ್ಡ ಇಗರ್ಜಿಯಲ್ಲೂ ಹಳ್ಳಿಯ ಚಿಕ್ಕ ಸಭೆಯಲ್ಲೂ ಇದು ಕಂಡದ್ದೇ. ದ್ವಿತೀಯ ಪಿಯುಸಿಯ ಹೊತ್ತಿಗೆ ಕೆಲವರು ಬಾಗಿಲ ಹೊರಗೆ, ಬೈಕಿನ ಮೇಲೆ ಕೂತು ಪೂಜೆ ಮುಗಿಯುವುದನ್ನು ಕಾಯುತ್ತಾರೆ. ಇದಕ್ಕೆ ಪರಿಹಾರವೇನೆಂಬ ಮಾತು ಪಾಲನಾ ಮಂಡಳಿಯ ಸಭೆಗೆ ಬಂದಾಗ ಉತ್ತರ ಬಹುಮಟ್ಟಿಗೆ ಒಂದೇ: ಒಂದು ಶಿಬಿರ ಇಡೋಣ, ಸಂಗೀತ ಸಂಜೆ ಮಾಡೋಣ, ಕ್ರಿಕೆಟ್ ಪಂದ್ಯಾಟ ನಡೆಸೋಣ. ಇವು ಯಾವುವೂ ಕೆಟ್ಟವಲ್ಲ. ಆದರೆ ಕೆಲಸ ಶುರುವಾಗಬೇಕಾದದ್ದು ಬೇರೆ ಕಡೆ ಎನ್ನುವುದು ಈ ಕರಪತ್ರದ ವಾದ. ಹದಿನೈದು ಹದಿನಾರರ ಮಕ್ಕಳ ವಿಶ್ವಾಸ ಗಟ್ಟಿಯಾಗುವುದೂ ಸಡಿಲವಾಗುವುದೂ ಮನೆಯೊಳಗೆ. ಆದ್ದರಿಂದ ಸಭೆ ತನ್ನ ಸಮಯ, ಹಣ, ಶ್ರಮಗಳನ್ನು ಮೊದಲು ತಂದೆತಾಯಂದಿರ ಮೇಲೆ ಹಾಕಬೇಕು. ಕೊಂಕಣಿಯಲ್ಲಿ ತೇರ್ಸ್ (ಜಪಸರ) ಹೇಳುವ ಕಥೊಲಿಕ ಮನೆಗೂ ತುಳುವಿನಲ್ಲಿ ಪ್ರಾರ್ಥಿಸುವ ಪ್ರೊಟೆಸ್ಟೆಂಟ್ ಮನೆಗೂ ಈ ಮಾತು ಸಮಾನವಾಗಿ ಸಲ್ಲುವುದರಿಂದ ಇದನ್ನು ಕನ್ನಡದಲ್ಲಿ ಬರೆದಿದೆ.

ಈ ವಾದಕ್ಕೆ ಮೊದಲ ಸಾಕ್ಷ್ಯ ನಮ್ಮದೇ ಚರಿತ್ರೆಯಲ್ಲಿದೆ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು, ಕಾರ್ಕಳದ ಅತ್ತೂರಿನದು 1759ರದ್ದು. ಇಷ್ಟು ಹಳೆಯ ಇಗರ್ಜಿಗಳಿದ್ದ ಈ ನಾಡಿನಲ್ಲಿ, 1784ರ ಫೆಬ್ರವರಿಯಲ್ಲಿ, ತಪಸ್ಸಿನ ಕಾಲ ಆರಂಭವಾಗುವ ವಿಭೂತಿ ಬುಧವಾರದ ಸುಮಾರಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಇಗರ್ಜಿಗಳನ್ನು ಕೆಡವಿದರು, ಗುರುಗಳನ್ನು ಗಡೀಪಾರು ಮಾಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ, ಹದಿನೈದು ವರ್ಷ, ಆ ಜನಕ್ಕೆ ಪೂಜೆಯಿಲ್ಲ, ಕುಮ್ಗಾರ್ (ಪರಮಪ್ರಸಾದ) ಇಲ್ಲ, ದೊತೊರ್ನಿನ (ಧರ್ಮೋಪದೇಶದ) ತರಗತಿಯಿಲ್ಲ, ಕ್ರಿಸ್ಮಸ್ಸಿನ ಗಂಟೆಯೂ ಇಲ್ಲ. ಲೆಕ್ಕ ಹಾಕಿ ನೋಡಿ: ಸೆರೆ ಶುರುವಾದ ವರ್ಷ ಹುಟ್ಟಿದ ಮಗುವಿಗೆ ಬಿಡುಗಡೆಯ ಹೊತ್ತಿಗೆ ಹದಿನೈದು. ಇಂದಿನ ನಮ್ಮ ಹತ್ತನೇ ತರಗತಿಯ ಪ್ರಾಯವೇ. ಇಗರ್ಜಿಯನ್ನೇ ಕಾಣದ ಆ ಹುಡುಗ, ಆ ಹುಡುಗಿ, ಕರಾವಳಿಗೆ ಮರಳಿ ಬಿದ್ದ ಗೋಡೆಗಳನ್ನು ಮತ್ತೆ ಎತ್ತಿದವರಲ್ಲಿ ಸೇರಿದ್ದರೆಂದರೆ, ಅವರಿಗೆ ಕ್ರಿಸ್ತನನ್ನು ಪರಿಚಯಿಸಿದವರು ತಾಯಿ, ತಂದೆ, ಅಜ್ಜ, ಅಜ್ಜಿಯರಲ್ಲದೆ ಬೇರಾರೂ ಆಗಿರಲು ಸಾಧ್ಯವಿಲ್ಲ. ಚರಿತ್ರೆಯನ್ನು ಬಣ್ಣ ಹಚ್ಚಿ ಹೇಳುವುದು ಬೇಡ. ಸಾವಿರಾರು ಜನ ದಾರಿಯಲ್ಲೂ ಸೆರೆಯಲ್ಲೂ ಸತ್ತರು, ಎಷ್ಟೋ ಜನರನ್ನು ಬಲವಂತವಾಗಿ ಮತಾಂತರಿಸಲಾಯಿತು, ಎಲ್ಲರೂ ಹಿಂದಿರುಗಲಿಲ್ಲ. ಹಿಂದಿರುಗಿದವರ ಕೈಯಲ್ಲಿ ಉಳಿದದ್ದು ಮಾತ್ರ ಮನೆಯಲ್ಲಿ ಕಲಿತದ್ದು.

ಎರಡನೆಯ ಸಾಕ್ಷ್ಯ ಪ್ರೊಟೆಸ್ಟೆಂಟರ ಕಡೆಯದು. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1847ರ ಹೊತ್ತಿಗೆ ತುಳುವಿನ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಗಿತ್ತು. ಅಂದರೆ ಉಡುಪಿ, ಮಲ್ಪೆ, ಮುಲ್ಕಿ ಕಡೆಯ ಮನೆಯೊಂದರಲ್ಲಿ ಓದು ಬಲ್ಲ ಒಬ್ಬ ಮಗಳಿದ್ದರೂ ಸಾಕು, ದೀಪದ ಬೆಳಕಿನಲ್ಲಿ ಇಡೀ ಕುಟುಂಬ ತನ್ನ ಮನೆಮಾತಿನಲ್ಲಿ ಸುವಾರ್ತೆ ಕೇಳಬಹುದಿತ್ತು. 1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಪ್ರಜೆಗಳಾಗಿದ್ದ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದಲೇ ಕಳಿಸಿತು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ವಿಶ್ವಾಸ ನಿಂತದ್ದು ಮಿಷನರಿಗಳ ಮೇಲೆ ಅಥವಾ ಕಾರ್ಖಾನೆಯ ಕೂಲಿಯ ಮೇಲೆ ಎನ್ನುವುದಾಗಿದ್ದರೆ ಸಭೆಗಳು ಅಲ್ಲಿಗೇ ಮುಗಿಯಬೇಕಿತ್ತು. ಹಾಗಾಗಲಿಲ್ಲ. ಸ್ಥಳೀಯ ಸಭಾಪಾಲಕರು, ಉಪದೇಶಿಗಳು ಮತ್ತು ಮನೆಮನೆಯ ಪ್ರಾರ್ಥನೆ ಆ ಸಭೆಗಳನ್ನು ಎತ್ತಿ ಹಿಡಿದವು. ಎರಡು ಪಂಗಡ, ಎರಡು ಶತಮಾನ, ಎರಡು ಬೇರೆ ಬೇರೆ ಸಂಕಟ. ಹೊರಗಿನ ಏರ್ಪಾಟು ಪೂರ್ತಿ ಕುಸಿದಾಗ ಉಳಿದ ಆಸರೆ ಮಾತ್ರ ಎರಡೂ ಕಡೆ ಒಂದೇ.

ಅದು ಹಳೆಯ ಕಾಲ, ಈಗಿನ ಮಕ್ಕಳೇ ಬೇರೆ ಎನ್ನುವವರಿದ್ದಾರೆ. ಈಗಿನ ಕಾಲದ ಅಧ್ಯಯನಗಳನ್ನೇ ನೋಡೋಣ. ಅಮೆರಿಕದ ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ 13ರಿಂದ 17 ವಯಸ್ಸಿನ 3,290 ಹದಿಹರೆಯದವರನ್ನು ಸಮೀಕ್ಷೆಗೆ ಒಳಪಡಿಸಿ, ಅವರಲ್ಲಿ 267 ಮಂದಿಯನ್ನು ಎದುರು ಕೂರಿಸಿಕೊಂಡು ಮಾತಾಡಿಸಿ, 2005ರಲ್ಲಿ ಪುಸ್ತಕ ತಂದರು. ಮಕ್ಕಳ ಧಾರ್ಮಿಕ ಬದುಕನ್ನು ಎಲ್ಲಕ್ಕಿಂತ ಹೆಚ್ಚು ರೂಪಿಸುವುದು ಗೆಳೆಯರೂ ಅಲ್ಲ, ಟೀವಿಯೂ ಅಲ್ಲ, ತಂದೆತಾಯಂದಿರು ಎಂದು ಅವರಿಗೆ ಕಂಡಿತು. ಆ ಪುಸ್ತಕದ ಇನ್ನೊಂದು ವಿವರ ನಮ್ಮನ್ನು ಹೆಚ್ಚು ಕಾಡಬೇಕು. ನೀನು ಏನನ್ನು ನಂಬುತ್ತೀಯೆಂದು ದೊಡ್ಡವರೊಬ್ಬರು ತಮ್ಮನ್ನು ಕೇಳಿದ್ದು ಆ ಸಂದರ್ಶನದಲ್ಲೇ ಮೊದಲು ಎಂದು ಅನೇಕ ಮಕ್ಕಳು ಹೇಳಿದರು. ವರ್ಷಗಟ್ಟಲೆ ಚರ್ಚಿಗೆ ಹೋದ ಮಕ್ಕಳೂ ತಮ್ಮ ನಂಬಿಕೆಯ ಬಗ್ಗೆ ಎರಡು ವಾಕ್ಯ ಆಡಲು ತಡಕಾಡಿದರು. ವರ್ನ್ ಬೆಂಗ್ಟ್‌ಸನ್ ಎಂಬ ಇನ್ನೊಬ್ಬ ವಿದ್ವಾಂಸರು ದಕ್ಷಿಣ ಕ್ಯಾಲಿಫೋರ್ನಿಯಾದ ಕುಟುಂಬಗಳನ್ನು ಮೂರೂವರೆ ದಶಕ, ತಲೆಮಾರುಗಳ ಉದ್ದಕ್ಕೂ ಹಿಂಬಾಲಿಸಿ 2013ರಲ್ಲಿ ಹೇಳಿದ್ದು ಇದಕ್ಕೆ ಪೂರಕ: ತಂದೆತಾಯಿ ಎಷ್ಟು ಕಟ್ಟುನಿಟ್ಟು ಎಂಬುದಕ್ಕಿಂತ ಎಷ್ಟು ಆಪ್ತರು ಎಂಬುದರ ಮೇಲೆ ವಿಶ್ವಾಸ ಮುಂದಿನ ತಲೆಮಾರಿಗೆ ದಾಟುತ್ತದೆ. ಅದರಲ್ಲೂ ತಂದೆಯ ಆಪ್ತತೆಗೆ ವಿಶೇಷ ತೂಕವಿದೆ. ಅಜ್ಜ ಅಜ್ಜಿಯರ ಪಾಲೂ ಸಣ್ಣದಲ್ಲ.

ಅಮೆರಿಕದ ಮಾತನ್ನು ಉಡುಪಿಗೆ ಹಾಗೇ ತಂದು ಹಚ್ಚಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಚರ್ಚ್ ಬಿಟ್ಟವರು ಧರ್ಮವಿಲ್ಲದವರು ಎಂದು ಬರೆಸಿಕೊಳ್ಳುತ್ತಾರೆ, ಇಲ್ಲಿ ಹಾಗಲ್ಲ. ಪ್ಯೂ ಸಂಶೋಧನಾ ಕೇಂದ್ರವು 2019–20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಮಾತಾಡಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹುಟ್ಟಿ ಬೆಳೆದ ಧರ್ಮದಲ್ಲೇ ಉಳಿದವರು ಶೇಕಡಾ 98. ಇದನ್ನು ನೋಡಿ ನಿಟ್ಟುಸಿರು ಬಿಡುವುದಾದರೆ ನಾವು ಮೋಸ ಹೋದೆವು. ನಮ್ಮಲ್ಲಿ ಹೆಸರು ಉಳಿಯುತ್ತದೆ. ಮದುವೆಗೆ ರೋಸ್, ಕ್ರಿಸ್ಮಸ್ಸಿಗೆ ಕುಸ್ವಾರ್, ಸತ್ತಾಗ ಇಗರ್ಜಿಯ ಸ್ಮಶಾನದಲ್ಲಿ ಜಾಗ, ಇವೆಲ್ಲ ಉಳಿಯುತ್ತವೆ. ಒಳಗೆ ಏನಿದೆ ಎಂದು ಯಾವ ಜನಗಣತಿಯೂ ಕೇಳುವುದಿಲ್ಲ. ಬೆಂಗಳೂರಿನ ಕಂಪೆನಿಯಲ್ಲೋ ದುಬೈಯ ಕೋಣೆಯಲ್ಲೋ ಒಂಟಿಯಾಗಿ ಒಂದು ಸೋಲು, ಒಂದು ಸಾವು, ಒಂದು ಆಮಿಷ ಎದುರಾದಾಗ ಆ ಹೆಸರಿನಿಂದ ಏನೂ ಸಿಗದೆ ಹೋಗಬಹುದು. ಹೊರಗೆ ಎಲ್ಲವೂ ನೆಟ್ಟಗಿರುವುದರಿಂದಲೇ ನಮ್ಮ ಕಡೆಯ ನಷ್ಟ ಕಣ್ಣಿಗೆ ಬೀಳುವುದಿಲ್ಲ.

ಹೆಸರು ಮಾತ್ರ ಉಳಿದಲ್ಲಿ ಆ ಖಾಲಿ ಜಾಗಕ್ಕೆ ಇನ್ನೇನೋ ಬಂದು ಕೂರುವ ಅಪಾಯವೂ ಇದೆ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಯನ್ನು ಇಂದಿನ ಹದಿನೈದರ ಮಕ್ಕಳು ಕಂಡವರಲ್ಲ. ಅವರಿಗೆ ಅದು ವಾಟ್ಸ್ಯಾಪಿನಲ್ಲಿ ತಿರುಗುವ ವೀಡಿಯೊ, ಹಿರಿಯರ ಬಿಸಿ ಮಾತು. ನೋವನ್ನು ಮರೆಯಿರಿ ಎನ್ನುತ್ತಿಲ್ಲ. ಆದರೆ ನಾವು ಅನ್ಯಾಯಕ್ಕೊಳಗಾದವರು ಎಂಬ ಭಾವನೆಯೊಂದೇ ಮಗುವಿನ ಕ್ರೈಸ್ತತನವಾದರೆ, ಅದರಲ್ಲಿ ಕ್ರಿಸ್ತನಿಗೆ ಜಾಗವಿಲ್ಲ. ಅಂಥ ಮಗು ಸಿಟ್ಟಿಗೆ ಬೇಗ ಸಿಗುತ್ತದೆ, ಪ್ರಾರ್ಥನೆಗೆ ಸಿಗುವುದಿಲ್ಲ.

ಹಾಗಾದರೆ ಮನೆಯಲ್ಲಿ ಆಗಬೇಕಾದದ್ದೇನು? ನಮ್ಮ ಕಥೊಲಿಕ ಮನೆಗಳಲ್ಲಿ ಇದಕ್ಕೊಂದು ಕಟ್ಟು ಮೊದಲೇ ಇತ್ತು. ಸಂಜೆ ಹೊತ್ತು ಮುಳುಗಿದ ಮೇಲೆ ಅಲ್ತಾರಿನ ಮುಂದೆ ತೇರ್ಸ್, ಕೊನೆಯಲ್ಲಿ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ (ಆಶೀರ್ವಾದ) ಕೇಳುವುದು. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ, ಒಂದು ಗೀತೆ, ಒಂದು ಅಧ್ಯಾಯ. ಆ ಕಟ್ಟನ್ನು ಮೊದಲು ಸಡಿಲಿಸಿದ್ದು ಏಳರಿಂದ ಒಂಬತ್ತರ ಟೀವಿ ಧಾರಾವಾಹಿ. ಆಮೇಲೆ ಟ್ಯೂಷನ್ ಬಂತು, ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಗಮನಿಸಿ, ಧಾರಾವಾಹಿ ನೋಡಲು ಕೂತವರು ಮಕ್ಕಳಲ್ಲ. ಫೋನಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುವ ಮುನ್ನ ಈ ಅನುಕ್ರಮವನ್ನು ದೊಡ್ಡವರು ಒಪ್ಪಿಕೊಳ್ಳುವುದು ಒಳ್ಳೆಯದು. ಈಗ ಹಳೆಯ ಐವತ್ಮೂರು ಮಣಿಗಳನ್ನೂ ಅದರ ಮೇಲಿನ ಉದ್ದನೆಯ ಲದಿನ್‌ಗಳನ್ನೂ ಹಾಗೇ ಮರಳಿ ಹೇರಿದರೆ ಮೂರು ದಿನ ನಡೆದು ನಾಲ್ಕನೆಯ ದಿನ ನಿಲ್ಲುತ್ತದೆ. ಹದಿನೈದು ನಿಮಿಷ ಸಾಕು. ಒಂದು ರಹಸ್ಯದ ಹತ್ತು ಮಣಿ, ಬರುವ ಆದಿತ್ಯವಾರದ ಸುವಾರ್ತೆಯ ಒಂದು ಭಾಗ, ಆ ಬಳಿಕ ಐದು ನಿಮಿಷ ಮಾತು. ನಡೆಸುವವರು ಮನೆಯ ಹದಿಹರೆಯದ ಮಗನೋ ಮಗಳೋ ಆಗಿರಲಿ. ತಂದೆ ಕಡ್ಡಾಯವಾಗಿ ಕೂರಲಿ. ನಮ್ಮ ಎಷ್ಟೋ ಮನೆಗಳಲ್ಲಿ ಪ್ರಾರ್ಥನೆ ಹೆಂಗಸರ ಮತ್ತು ಮಕ್ಕಳ ಕೆಲಸ, ಗಂಡಸರು ಜಗಲಿಯಲ್ಲಿ. ಇದನ್ನು ನೋಡುತ್ತ ಬೆಳೆದ ಹುಡುಗ ಮೀಸೆ ಚಿಗುರಿದ ಕೂಡಲೇ ತಾನೂ ಜಗಲಿಗೆ ಹೋದರೆ ಅವನು ಅಪ್ಪನಿಂದ ಸರಿಯಾಗಿಯೇ ಕಲಿತಿದ್ದಾನೆ.

ಆ ಐದು ನಿಮಿಷದ ಮಾತೇ ಇದರ ಜೀವ. ಬಾಯಿಪಾಠ ಮಾತ್ರ ಸಾಕಾಗಿದ್ದ ಕಾಲವೊಂದಿತ್ತು. ಊರೆಲ್ಲ ಒಂದೇ ರೀತಿ ಯೋಚಿಸುತ್ತಿತ್ತು. ಈಗ ಪಿಯುಸಿ ವಿದ್ಯಾರ್ಥಿ ದಿನವೂ ಪ್ರಶ್ನೆಗಳ ನಡುವೆ ಓಡಾಡುತ್ತಾನೆ. ಜೀವವಿಕಾಸ ನಿಜವಾದರೆ ಆದಿಕಾಂಡ ಏನು? ಒಳ್ಳೆಯ ದೇವರಿದ್ದರೆ ಕ್ಯಾನ್ಸರ್ ವಾರ್ಡಿನಲ್ಲಿ ಮಕ್ಕಳೇಕೆ? ನಿಮ್ಮವರು ಮತಾಂತರ ಮಾಡುತ್ತಾರಂತಲ್ಲ ಎಂದು ಸಹಪಾಠಿ ಕೇಳಿದರೆ ಏನು ಹೇಳಲಿ? ಇವಕ್ಕೆ ಮನೆಯಲ್ಲಿ ಸಿಗುವ ಮಾಮೂಲಿ ಉತ್ತರ ‘ಹಾಗೆಲ್ಲ ಕೇಳಬಾರದು’. ಸಂಶಯ ಅಲ್ಲಿಗೆ ಸಾಯುವುದಿಲ್ಲ, ಯೂಟ್ಯೂಬಿಗೆ ಹೋಗುತ್ತದೆ. ಫುಲ್ಲರ್ ಯೂತ್ ಇನ್‌ಸ್ಟಿಟ್ಯೂಟಿನ ಅಧ್ಯಯನಗಳೂ ಇದನ್ನೇ ಕಂಡುಕೊಂಡಿವೆ: ಸಂಶಯವನ್ನು ಬಾಯಿಬಿಟ್ಟು ಹೇಳಲು ಜಾಗ ಸಿಕ್ಕ ಮಕ್ಕಳ ವಿಶ್ವಾಸ ಹೆಚ್ಚು ಗಟ್ಟಿ. ಲೂಕನ ಸುವಾರ್ತೆಯಲ್ಲಿ ಹನ್ನೆರಡರ ಯೇಸು ದೇವಾಲಯದಲ್ಲಿ ಪಂಡಿತರ ನಡುವೆ ಕೂತು ಮಾಡಿದ ಕೆಲಸವೂ ಕೇಳುವುದು, ಪ್ರಶ್ನಿಸುವುದು. ಅವರಲ್ಲಿ ಯಾರೂ ಅವನನ್ನು ಗದರಿ ಕಳಿಸಲಿಲ್ಲ.

ನಮಗೆ ಉತ್ತರ ಗೊತ್ತಿಲ್ಲವಲ್ಲ, ನಾವೇನು ಸೆಮಿನರಿ ಓದಿದವರೇ ಎಂದು ತಂದೆತಾಯಂದಿರು ಹಿಂಜರಿಯುತ್ತಾರೆ. ಹಿಂಜರಿಕೆ ಅರ್ಥವಾಗುತ್ತದೆ, ಆದರೆ ಅದು ತಪ್ಪಿಸಿಕೊಳ್ಳುವ ದಾರಿಯಾಗಬಾರದು. ಗೊತ್ತಿಲ್ಲ, ಆದಿತ್ಯವಾರದೊಳಗೆ ಹುಡುಕೋಣ ಎನ್ನುವ ಅಪ್ಪ ಮಗನಿಗೆ ಎರಡು ಪಾಠ ಹೇಳಿದಂತಾಯಿತು: ಪ್ರಶ್ನೆ ಪಾಪವಲ್ಲ, ಹುಡುಕುವುದೂ ಭಕ್ತಿಯೇ. ಹುಡುಕಿದರೆ ಸಿಗುವುದೂ ಕಡಿಮೆಯಲ್ಲ. ದ್ವಿತೀಯ ಪಿಯುಸಿಯ ಜೀವಶಾಸ್ತ್ರದಲ್ಲಿ ಬಟಾಣಿ ಗಿಡಗಳ ಪ್ರಯೋಗ ಬರುತ್ತದಲ್ಲ, ಆ ಗ್ರೆಗರ್ ಮೆಂಡೆಲ್ ಆಗಸ್ಟಿನಿಯನ್ ಮಠದ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂಬ ವಾದವನ್ನು 1927ರಲ್ಲಿ ಮುಂದಿಟ್ಟ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕಥೊಲಿಕ ಗುರು. ವಿಜ್ಞಾನ ಓದಿದರೆ ವಿಶ್ವಾಸ ಬಿಡಲೇಬೇಕು ಎಂಬ ಮಾತು ಇವರಿಬ್ಬರ ಮುಂದೆ ನಿಲ್ಲುವುದಿಲ್ಲ. ನೋವಿನ ಪ್ರಶ್ನೆಗೆ ಯೋಬನ ಗ್ರಂಥವಿದೆ. ಅಲ್ಲಿ ದೇವರನ್ನೇ ಕಟಕಟೆಗೆ ಕರೆದವನನ್ನು ದೇವರು ಶಪಿಸಲಿಲ್ಲ, ಅವನ ಬಾಯಿ ಮುಚ್ಚಿಸಲು ಬಂದ ಗೆಳೆಯರನ್ನು ಗದರಿದ. ಮತಾಂತರದ ಮಾತಿಗೆ ಸಿಡುಕದೆ ಉತ್ತರಿಸಬೇಕಾದರೆ ಮಗುವಿಗೆ ಚರಿತ್ರೆ ಗೊತ್ತಿರಬೇಕು: ಸಂತ ತೋಮನ ಪರಂಪರೆ ಕೇರಳದಲ್ಲಿ ಎಷ್ಟು ಹಳೆಯದು, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಯಾರ ಅಚ್ಚುಕೂಟದಿಂದ ಬಂತು, ಉಡುಪಿಯ ಮಿಷನ್ ಆಸ್ಪತ್ರೆಯನ್ನು 1923ರಲ್ಲಿ ಡಾ. ಇವಾ ಲೊಂಬಾರ್ಡ್ ಯಾರಿಗಾಗಿ ತೆರೆದರು. ಇದನ್ನೆಲ್ಲ ತಂದೆತಾಯಿಗೆ ಕಲಿಸಿಕೊಡುವ ಕೆಲಸ ಸಭೆಯದು. ಯುವಜನರ ಶಿಬಿರಕ್ಕೆ ಕರೆಸುವ ಪ್ರವಚನಕಾರರನ್ನು ವರ್ಷಕ್ಕೆ ನಾಲ್ಕು ಸಲ ತಂದೆತಾಯಂದಿರಿಗೆ ಕರೆಸಿದರೆ ಖರ್ಚು ಹೆಚ್ಚುವುದಿಲ್ಲ.

ಇನ್ನು ಅಂಕಗಳ ಮಾತು. ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ನೀಟ್, ಜೆಇಇ, ಸಿಇಟಿ ಎಂದು ಎರಡು ವರ್ಷ ಮಗು ಉಸಿರು ಬಿಗಿಹಿಡಿದು ಓಡುತ್ತದೆ, ಆ ಎರಡು ವರ್ಷ ಬಿಟ್ಟುಬಿಡಿ, ಆಮೇಲೆ ದೇವರು ಇದ್ದೇ ಇದ್ದಾನೆ ಎನ್ನುತ್ತಾರೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲೂ ಎಂಐಟಿ 1957ರಲ್ಲೂ ಆರಂಭವಾದ ಮಣಿಪಾಲದ ಮಗ್ಗುಲಲ್ಲಿ ಬದುಕುವ ನಮಗೆ ವಿದ್ಯೆಯ ಹಂಬಲ ಸಹಜ, ಅದು ಒಳ್ಳೆಯದೂ ಹೌದು. ಆದರೆ ಈ ವಾದ ಎಡವುವುದು ವಯಸ್ಸಿನ ಲೆಕ್ಕದಲ್ಲಿ. ನಾನು ಯಾರು, ಏನನ್ನು ನಂಬುತ್ತೇನೆ, ಯಾರೊಡನೆ ನಿಲ್ಲುತ್ತೇನೆ ಎಂದು ಮನುಷ್ಯ ಮೊದಲ ಸಲ ತಾನಾಗಿ ತೀರ್ಮಾನಿಸುವುದು ಹದಿನಾರು ಹದಿನೇಳರಲ್ಲಿ. ಆ ಎರಡು ವರ್ಷ ದೇವರಿಗೆ ರಜೆ ಕೊಟ್ಟ ಮನೆ, ಅಗತ್ಯ ಬಿದ್ದಾಗ ಮೊದಲು ಕೈಬಿಡಬಹುದಾದದ್ದು ದೇವರೇ ಎಂಬ ಪಾಠವನ್ನು ತಾನೇ ಕಲಿಸಿದಂತೆ. ಆದಿತ್ಯವಾರದ ಒಂದು ಗಂಟೆ ಮತ್ತು ದಿನದ ಹದಿನೈದು ನಿಮಿಷ ಸೇರಿದರೆ ವಾರಕ್ಕೆ ಮೂರು ಗಂಟೆಯೂ ಆಗುವುದಿಲ್ಲ. ಇಷ್ಟರಿಂದ ಯಾರ ಸೀಟೂ ತಪ್ಪುವುದಿಲ್ಲ. ಇಲ್ಲಿ ನಮ್ಮ ಶಿಕ್ಷಣ ಸಂಸ್ಥೆಗಳಿಗೂ ಒಂದು ಮಾತು ಹೇಳಬೇಕಾಗಿದೆ, ಕಹಿಯಾದರೂ. ಕ್ರೈಸ್ತ ಆಡಳಿತದ ಯಾವ ಶಾಲೆ ಕಾಲೇಜೂ ಆದಿತ್ಯವಾರ ಬೆಳಗ್ಗೆ ವಿಶೇಷ ತರಗತಿ, ಪರೀಕ್ಷಾ ಕೋಚಿಂಗ್ ಇಡಬಾರದು. ಅಲ್ಪಸಂಖ್ಯಾತ ಸಂಸ್ಥೆ ಎಂಬ ಸಂವಿಧಾನದ ರಕ್ಷಣೆ ಬೇಕು, ಆದಿತ್ಯವಾರ ಮಾತ್ರ ಬೇಡ ಎಂದರೆ ಹೇಗೆ?

ತಂದೆ ಗಲ್ಫಿನಲ್ಲಿರುವ ಮನೆಗಳು ಶಿರ್ವ, ಶಂಕರಪುರ, ಬೆಳ್ಮಣ್, ಉದ್ಯಾವರದ ಕಡೆ ಎಷ್ಟಿವೆಯೆಂದು ಹೇಳಬೇಕಿಲ್ಲ. ತಂದೆಯ ಆಪ್ತತೆಯೇ ಮುಖ್ಯ ಎಂದರೆ ಅವರೇನು ಮಾಡಬೇಕು? ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ, ದುಬೈ ಒಂದೂವರೆ ಗಂಟೆ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಆರೂವರೆ ಅಥವಾ ಏಳೂವರೆ. ದಿನವೂ ಆಗದಿರಬಹುದು, ವಾರಕ್ಕೆ ಎರಡು ದಿನ ವೀಡಿಯೊ ಕರೆಯಲ್ಲಿ ಅಪ್ಪ ಆ ಹದಿನೈದು ನಿಮಿಷಕ್ಕೆ ಸೇರಬಹುದು. ಕರೆ ಮಾಡಿದಾಗಲೆಲ್ಲ ಅಂಕ ಕೇಳುವ ಅಪ್ಪ ಒಮ್ಮೆ ಬೆಸಾಂವ್ ಕೊಟ್ಟರೆ ಆ ಕರೆಯ ಬಗೆಯೇ ಬದಲಾಗುತ್ತದೆ. ಅಲ್ಲಿ ಬೆಳೆದು ಪಿಯುಸಿಗೆಂದು ಊರಿಗೆ ಬರುವ ಮಕ್ಕಳದು ಇನ್ನೊಂದು ಬಗೆಯ ಕಷ್ಟ. ಶುಕ್ರವಾರದ ಪೂಜೆ, ಶುಕ್ರವಾರದ ದೊತೊರ್ನ್, ಇಂಗ್ಲಿಷ್ ಪ್ರಾರ್ಥನೆಗಳಿಗೆ ಒಗ್ಗಿದವರು ಇಲ್ಲಿ ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಇದ್ದು, ಅರ್ಥವಾಗದ ಕೊಂಕಣಿಯ ಪೂಜೆಯಲ್ಲಿ ಹಿಂದೆ ನಿಲ್ಲುತ್ತಾರೆ. ಇವರಿಗೆ ಮನೆಯೆಂದರೆ ಅಜ್ಜಿಯೇ. ತಿಮೊಥೆಯನ ವಿಶ್ವಾಸವನ್ನು ಸಂತ ಪೌಲನು ನೆನೆಯುವಾಗ ಅಜ್ಜಿ ಲೋವಿಯ ಹೆಸರು ಮೊದಲು ಹೇಳಿ ಆಮೇಲೆ ತಾಯಿ ಯೂನೀಕೆಯ ಹೆಸರು ಹೇಳಿದ್ದನ್ನು ನಮ್ಮ ಅಜ್ಜಿಯಂದಿರು ಕೇಳಿಸಿಕೊಳ್ಳಲಿ.

ಒತ್ತಾಯ ಮಾಡಿದರೆ ಮಕ್ಕಳು ಇನ್ನಷ್ಟು ದೂರ ಹೋಗುತ್ತಾರೆ, ದೊಡ್ಡವರಾದ ಮೇಲೆ ತಾವೇ ಆರಿಸಿಕೊಳ್ಳಲಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೈದು ಎಬ್ಬಿಸಿ, ಬೈದು ಮೊಣಕಾಲೂರಿಸಿ ಹೇಳಿಸಿದ ಪ್ರಾರ್ಥನೆ ಬೈಗುಳದ ನೆನಪನ್ನೇ ಉಳಿಸುತ್ತದೆ; ಬೆಂಗ್ಟ್‌ಸನ್ನರ ಅಧ್ಯಯನವೂ ಇದನ್ನೇ ಹೇಳುತ್ತದೆ. ಆದರೆ ಆರಿಸಿಕೊಳ್ಳಬೇಕಾದರೆ ಕೈಯಲ್ಲಿ ಏನಾದರೂ ಇರಬೇಕು. ಭಾಷೆ, ಊಟ, ಹಣದ ಜವಾಬ್ದಾರಿ ಯಾವುದನ್ನೂ ನಾವು ಮಕ್ಕಳ ಹದಿನೆಂಟರವರೆಗೆ ತಡೆದಿಡುವುದಿಲ್ಲ. ಕೊಟ್ಟ ಮೇಲೆ ಅವರು ಅದನ್ನು ಪ್ರಶ್ನಿಸಲಿ, ಬದಲಿಸಲಿ, ಬೇಕಾದರೆ ಸ್ವಲ್ಪ ಕಾಲ ಪಕ್ಕಕ್ಕಿಡಲಿ. ಪೂಜೆಗೆ ಬರುವುದಿಲ್ಲ ಎಂದ ಮಗಳೊಡನೆ ಮಾತು ಬಿಡುವ ಮನೆಗಿಂತ, ಬರುವುದಿಲ್ಲವೇಕೆ ಹೇಳು ಎಂದು ಕೂತು ಕೇಳುವ ಮನೆಗೆ ಅವಳು ಮರಳುವ ಸಾಧ್ಯತೆ ಹೆಚ್ಚು.

ಜಿಲ್ಲೆಯಲ್ಲಿ ನೂರಕ್ಕೆ ಐದಾರು ಮಂದಿಯಷ್ಟಿರುವ ನಾವು ಮಕ್ಕಳಿಗೆ ನಮ್ಮದನ್ನೇ ಬಲವಾಗಿ ಕಲಿಸಿದರೆ ಅವರು ನೆರೆಹೊರೆಯಿಂದ ಬೇರೆಯಾಗುವುದಿಲ್ಲವೇ ಎಂಬ ಭಯವೂ ಕೆಲವರಿಗಿದೆ. ಅತ್ತೂರಿನ ಜನವರಿಯ ಜಾತ್ರೆಯನ್ನು ನೋಡಿದವರಿಗೆ ಈ ಭಯ ಬೇಡ. 2016ರಲ್ಲಿ ಬಸಿಲಿಕದ ಪದವಿ ಪಡೆದ ಆ ಸಂತ ಲೊರೆನ್ಸರ ಕ್ಷೇತ್ರಕ್ಕೆ ಮೇಣದ ಬತ್ತಿ ಹಿಡಿದು ಬರುವವರಲ್ಲಿ ಹಿಂದೂಗಳ, ಮುಸ್ಲಿಮರ ಸಂಖ್ಯೆ ದೊಡ್ಡದು. ಶಂಕರಪುರದ ಕ್ರೈಸ್ತರ ಅಂಗಳದಲ್ಲಿ ಕಟ್ಟಿದ ಮಲ್ಲಿಗೆ ದೇವಸ್ಥಾನಗಳಿಗೂ ದೈವಗಳಿಗೂ ಹೋಗುತ್ತದೆ. ಕಾಪುವಿನ ಮಾರಿಪೂಜೆ, ಪರ್ಯಾಯ, ಕೋಲ, ಯಕ್ಷಗಾನದ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಗೆಳೆಯರ ಭಕ್ತಿಯನ್ನು ಗೌರವಿಸಲು ಬರಬೇಕು. ಅದು ಬರುವುದು ತನ್ನ ಭಕ್ತಿ ಏನೆಂದು ಗೊತ್ತಿದ್ದವರಿಗೆ. ಗೊತ್ತಿಲ್ಲದವರು ಎಲ್ಲದರಲ್ಲೂ ಕರಗುತ್ತಾರೆ, ಇಲ್ಲವೇ ಎಲ್ಲರ ಮೇಲೂ ಕೆರಳುತ್ತಾರೆ.

ಶಿಬಿರ, ಐಸಿವೈಎಂ, ವೈಸಿಎಸ್‌ನಂಥ ಯುವ ಸಂಘ, ಗಾಯನ ಮಂಡಳಿಗಳನ್ನು ಮುಚ್ಚಿ ಎಂದು ಯಾರೂ ಹೇಳುತ್ತಿಲ್ಲ. ಮನೆಯಲ್ಲಿ ಬೇರು ಬಿಟ್ಟ ಮಗುವಿಗೆ ಅವು ನೀರೆರೆಯುತ್ತವೆ. ಆದರೆ ಅಲ್ಲೂ ಮಕ್ಕಳನ್ನು ಪ್ರೇಕ್ಷಕರಾಗಿ ಕೂರಿಸುವುದು ಬಿಡಬೇಕು. ಮೊಂತಿ ಹಬ್ಬದ ನೊವೆನಾಕ್ಕೆ ಎಂಟರ ಮಗು ಹೂವು ತರುತ್ತದೆ. ಹದಿನಾರಾದಾಗ ಅದೇ ಮಗುವಿಗೆ ಇಗರ್ಜಿಯಲ್ಲಿ ಮಾಡಲು ಏನಿದೆ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಹಿರಿಯರೊಡನೆ ಬಡವರ ಮನೆಗೆ ಹೋಗಲಿ, ಹಾಸಿಗೆ ಹಿಡಿದವರಿಗೆ ಸುವಾರ್ತೆ ಓದಿ ಹೇಳಲಿ, ಮೂರನೇ ತರಗತಿಯ ದೊತೊರ್ನ್ ಕಲಿಸಲಿ, ಪಾಲನಾ ಮಂಡಳಿಯ ಲೆಕ್ಕ ನೋಡಲಿ. ಕೆಲಸ ಕೊಟ್ಟು ನಂಬಿದರೆ ಈ ವಯಸ್ಸಿನವರು ನಿಲ್ಲುತ್ತಾರೆ.

ಬರುವ ಜೂನ್‌ನಲ್ಲಿ ಪ್ರಥಮ ಪಿಯುಸಿ ಶುರುವಾಗುವ ಮೊದಲೇ ಪ್ರತಿ ವಾಳೆಯ (ವಾರ್ಡಿನ) ಗುರಿಕಾರರು ತಮ್ಮ ವಾಳೆಯಲ್ಲಿ ಹದಿನೈದರಿಂದ ಹದಿನೆಂಟರ ಮಕ್ಕಳಿರುವ ಮನೆಗಳ ಪಟ್ಟಿ ಮಾಡಲಿ. ಧರ್ಮಗುರುಗಳು, ಸಭಾಪಾಲಕರು ಆ ತಂದೆತಾಯಂದಿರನ್ನು ಒಂದು ಸಂಜೆ, ಮಕ್ಕಳಿಲ್ಲದೆ, ಕರೆದು ಮಾತಾಡಲಿ. ಊಟ ಬೇಡ, ಸನ್ಮಾನ ಬೇಡ, ಶಾಲು ಹಾರ ಬೇಡ. ದೂರದಿಂದ ಬಂದು ಹಾಸ್ಟೆಲಿನಲ್ಲಿರುವ ಒಬ್ಬೊಬ್ಬ ವಿದ್ಯಾರ್ಥಿಗೂ ತಿಂಗಳಿಗೊಮ್ಮೆ ಆದಿತ್ಯವಾರದ ಊಟಕ್ಕೆ ಕರೆಯುವ ಒಂದು ಮನೆಯನ್ನು ಗೊತ್ತು ಮಾಡಲಿ. ಈ ಕರಪತ್ರ ಕೈಗೆ ಬಂದ ತಂದೆತಾಯಂದಿರು ಮಾತ್ರ ಜೂನ್ ಬರಲೆಂದು ಕಾಯಬೇಕಾಗಿಲ್ಲ. ಇಂದು ರಾತ್ರಿ ಟೀವಿ ಆರಿಸಿ, ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು, ನೀನು ಏನನ್ನು ನಂಬುತ್ತೀಯ ಎಂದು ಮಗನನ್ನೋ ಮಗಳನ್ನೋ ಕೇಳಿ. ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ.